ಆಫ್ರಿಕಾದ ರಂಗದ ಮೇಲೆ ಶೇಕ್ಸ್‌ಪಿಯರನ ದುರಂತ ನಾಟಕಗಳು

ಅಮೆರಿಕದ ಮಾನವಶಾಸ್ತ್ರಜ್ಞೆ ಲಾರಾ ಬೊಹಾನನ್ ಅವರು ನೈಜೀರಿಯಾದ ಟಿವ್ ಜನರ ನಡುವೆ ಅಧ್ಯಯನ ನಡೆಸುತ್ತಿದ್ದಾಗ, ಮಳೆಗಾಲದ ಬಿಡುವಿನಲ್ಲಿ ಅಲ್ಲಿನ ಹಿರಿಯರ ಒತ್ತಾಯಕ್ಕೆ ಮಣಿದು ಹ್ಯಾಮ್ಲೆಟ್‌ನ ಕಥೆಯನ್ನು ಹೇಳಿದರು. ಆ ಪ್ರಸಂಗವನ್ನು 1966ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಮನುಷ್ಯಸ್ವಭಾವ ಎಲ್ಲೆಡೆಯೂ ಒಂದೇ ಆಗಿರುವುದರಿಂದ ದೊಡ್ಡ ದುರಂತ ನಾಟಕಗಳ ತಿರುಳೂ ಎಲ್ಲರಿಗೂ ಒಂದೇ ಬಗೆಯಲ್ಲಿ ತಿಳಿಯುತ್ತದೆ ಎಂದು ಅವರು ನಂಬಿದ್ದರು. ಕಥೆಯ ಮೊದಲ ಹೆಜ್ಜೆಯಲ್ಲೇ ತೊಡಕು ಎದುರಾಯಿತು. ಹ್ಯಾಮ್ಲೆಟ್‌ನ ತಂದೆಯಾದ ಸತ್ತ ರಾಜನ ತಮ್ಮ ಅತ್ತಿಗೆಯನ್ನು ಮದುವೆಯಾದನೆಂದು ಕೇಳಿದ ಹಿರಿಯರು ಅದನ್ನು ಮೆಚ್ಚಿಕೊಂಡರು, ಏಕೆಂದರೆ ಅವರ ಸಮಾಜದಲ್ಲಿ ತಮ್ಮನಾದವನು ಮಾಡಬೇಕಾದ ಕರ್ತವ್ಯವೇ ಅದು. ರಾಣಿ ದೀರ್ಘಕಾಲ ಶೋಕ ಆಚರಿಸಬೇಕಿತ್ತೆಂದಾಗ, ಗಂಡನಿಲ್ಲದೆ ಅವಳ ಹೊಲವನ್ನು ಅಗೆದು ಕೊಡುವವರು ಯಾರು ಎಂಬ ಪ್ರಶ್ನೆ ಬಂತು. ಸತ್ತವನು ಎದ್ದು ಬಂದು ಮಾತಾಡುವುದನ್ನು ಅವರು ಒಪ್ಪಲಿಲ್ಲ. ಅದು ಮಾಟಗಾರನೊಬ್ಬ ಕಳಿಸಿದ ಶಕುನವಿರಬೇಕು ಎಂದರು. ಹುಚ್ಚು ಹಿಡಿಯುವುದು ಮಾಟದಿಂದ, ಹಾಗೆ ಮಾಟ ಮಾಡಬಲ್ಲವರು ತಂದೆಯ ಕಡೆಯ ಬಂಧುಗಳು ಮಾತ್ರ ಎಂಬ ತಿಳಿವಳಿಕೆಯಿಂದ ಹ್ಯಾಮ್ಲೆಟ್‌ನ ಹುಚ್ಚಿಗೆ ಅವನ ಚಿಕ್ಕಪ್ಪನೇ ಕಾರಣನೆಂದು ತೀರ್ಮಾನಿಸಿದರು. ತಂದೆಯ ಸಮಾನನಾದ ಆ ಚಿಕ್ಕಪ್ಪನ ಮೇಲೆ ಹುಡುಗನೊಬ್ಬ ಕೈಯೆತ್ತುವುದಂತೂ ಅವರ ಪಾಲಿಗೆ ಕಥೆಯಲ್ಲೇ ಅತಿ ಘೋರವಾದ ಸಂಗತಿಯಾಗಿತ್ತು.

ಈ ಪ್ರಸಂಗವನ್ನು ತಮಾಷೆಯ ಕಥೆಯಂತೆ ಹೇಳಿ ಮುಗಿಸುವವರಿದ್ದಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಟಿವ್ ಹಿರಿಯರು ಕಥೆಯನ್ನು ತಪ್ಪು ತಿಳಿಯಲಿಲ್ಲ. ತಮ್ಮ ನ್ಯಾಯಕ್ಕೆ ಹೊಂದುವಂತೆ ಎಲ್ಲಿಯೂ ಎಳೆ ತಪ್ಪದೆ ವ್ಯಾಖ್ಯಾನಿಸಿದರು. ಅದಕ್ಕಿಂತ ಮುಖ್ಯವಾಗಿ, ವಿಧವೆ ಅತ್ತಿಗೆಯನ್ನು ಮದುವೆಯಾಗುವುದು ಮಹಾಪಾಪ ಎಂಬ ಭಾವನೆ ಇಂಗ್ಲೆಂಡಿನಲ್ಲಿಯೂ ತಾನಾಗಿ ಆಕಾಶದಿಂದ ಇಳಿದದ್ದಲ್ಲ. ಎಂಟನೆಯ ಹೆನ್ರಿ ತನ್ನ ಅಣ್ಣನ ವಿಧವೆಯಾದ ಕ್ಯಾಥರಿನ್‌ಳನ್ನು 1509ರಲ್ಲಿ ಮದುವೆಯಾಗಿದ್ದ. ಆ ಮದುವೆ ದೇವರ ಕಟ್ಟಳೆಗೆ ವಿರುದ್ಧವಾದದ್ದೆಂಬ ಕಾರಣವನ್ನೇ ಮುಂದಿಟ್ಟು 1533ರಲ್ಲಿ ಅದನ್ನು ರದ್ದುಪಡಿಸಿಕೊಂಡ. ಆ ಜಗಳದಲ್ಲಿ ಇಂಗ್ಲೆಂಡಿನ ಚರ್ಚು ರೋಮಿನಿಂದ ಬೇರೆಯಾಯಿತು. ಅವನ ಎರಡನೆಯ ಮದುವೆಯಿಂದ ಹುಟ್ಟಿದ ಎಲಿಜಬೆತ್ ಸಿಂಹಾಸನದ ಮೇಲಿದ್ದಾಗಲೇ, ಸುಮಾರು 1600ರಲ್ಲಿ, ಹ್ಯಾಮ್ಲೆಟ್ ರಚಿತವಾಯಿತು. ಅತ್ತಿಗೆಯ ಮದುವೆ ಪಾಪವಲ್ಲವೆಂದಾಗಿದ್ದರೆ ಆ ರಾಣಿಯ ಹಕ್ಕಿಗೇ ಆಧಾರವಿರುತ್ತಿರಲಿಲ್ಲ. ಹ್ಯಾಮ್ಲೆಟ್‌ನ ತಾಯಿ ಗರ್ಟ್ರೂಡಳ ಮರುಮದುವೆ ಲಂಡನ್ನಿನ ಪ್ರೇಕ್ಷಕರಲ್ಲಿ ಹುಟ್ಟಿಸಿದ ನಡುಕದ ಹಿಂದೆ ಇಷ್ಟೊಂದು ಸ್ಥಳೀಯ ಇತಿಹಾಸವಿತ್ತು.

ಆಫ್ರಿಕಾದ ಪ್ರೇಕ್ಷಕರಿಗಾಗಿ ಶೇಕ್ಸ್‌ಪಿಯರನ ದುರಂತ ನಾಟಕವೊಂದನ್ನು ಅನುವಾದಿಸುವಾಗ, ರೂಪಾಂತರಿಸುವಾಗ ಅಥವಾ ಇದ್ದ ಹಾಗೆಯೇ ಆಡುವಾಗ ಎದುರಾಗುವ ಮೂಲಭೂತ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಪದಗಳನ್ನು ಸಾಗಿಸುವುದು ಕಷ್ಟವಾದರೂ ಅದು ಎರಡನೆಯ ಕೆಲಸ. ಒಂದು ಕೃತ್ಯ ಏಕೆ ಭಯಂಕರವೆನಿಸಬೇಕು, ಅದರ ಭಾರ ಯಾರ ಮೇಲೆ ಬೀಳಬೇಕು ಎಂಬುದನ್ನು ಹೊಸ ಪ್ರೇಕ್ಷಕರ ಬದುಕಿನಲ್ಲಿ ಹುಡುಕುವುದು ಮೊದಲನೆಯ ಕೆಲಸ. ಇಲ್ಲಿ ಆಫ್ರಿಕಾದ ಪ್ರೇಕ್ಷಕ ಎಂಬ ಒಬ್ಬನೇ ವ್ಯಕ್ತಿ ಇಲ್ಲವೆಂಬುದನ್ನು ನೆನಪಿಡಬೇಕು. 54 ದೇಶಗಳ, ಸಾವಿರಕ್ಕೂ ಮೀರಿದ ಭಾಷೆಗಳ ಖಂಡವದು. ಟಿವ್ ಜನರಲ್ಲಿ ಕಂಡ ತೊಡಕು ಜುಲು ಜನರಲ್ಲಿ ಕಾಣಬೇಕಾಗಿಲ್ಲ. ಮಿಷನ್ ಶಾಲೆಗಳಲ್ಲಿಯೂ ವಸಾಹತು ಆಡಳಿತದ ಪರೀಕ್ಷೆಗಳಲ್ಲಿಯೂ ಶೇಕ್ಸ್‌ಪಿಯರ್ ಪಠ್ಯವಾಗಿದ್ದುದರಿಂದ, ಒಂದೇ ರಂಗಮಂದಿರದಲ್ಲಿ ಇಂಗ್ಲಿಷ್ ಸಾಲುಗಳನ್ನು ಬಾಯಿಪಾಠ ಮಾಡಿದವರೂ ಕಥೆಯನ್ನು ಮೊದಲ ಸಲ ಕೇಳುತ್ತಿರುವವರೂ ಪಕ್ಕಪಕ್ಕದಲ್ಲಿ ಕುಳಿತಿರುವುದುಂಟು.

ಅನುವಾದದ ಕಥೆಯನ್ನು ದಕ್ಷಿಣ ಆಫ್ರಿಕಾದ ಸೋಲ್ ಪ್ಲಾಟ್ಜೆ ಅವರಿಂದ ಆರಂಭಿಸುವುದು ನ್ಯಾಯ. ಕಿಂಬರ್ಲಿಯ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಈ ತರುಣ 1896ರ ಸುಮಾರಿಗೆ ಅಲ್ಲಿ ಹ್ಯಾಮ್ಲೆಟ್ ಪ್ರಯೋಗವನ್ನು ನೋಡಿ ಶೇಕ್ಸ್‌ಪಿಯರನಿಗೆ ಒಲಿದರು. ಮುಂದೆ ನ್ಯಾಯಾಲಯದ ದುಭಾಷಿಯಾಗಿ, ಪತ್ರಕರ್ತರಾಗಿ ದುಡಿದು, ಇಂದಿನ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಪೂರ್ವರೂಪವಾದ ಸಂಘಟನೆ 1912ರಲ್ಲಿ ಸ್ಥಾಪನೆಯಾದಾಗ ಅದರ ಮೊದಲ ಪ್ರಧಾನ ಕಾರ್ಯದರ್ಶಿಯಾದರು. ತಮ್ಮ ಸೆಟ್ಸ್ವಾನಾ ಭಾಷೆ ಶಾಲೆಗಳಲ್ಲಿ ಸೊರಗುತ್ತಿದೆ, ಮಿಷನರಿಗಳು ತಲೆಗೊಂದರಂತೆ ಲಿಪಿಕ್ರಮಗಳನ್ನು ಹೇರಿ ಅದನ್ನು ಒಡೆಯುತ್ತಿದ್ದಾರೆ ಎಂಬ ಆತಂಕ ಅವರನ್ನು ಕಾಡುತ್ತಿತ್ತು. ಅವರು 1916ರಲ್ಲಿ ಸೆಟ್ಸ್ವಾನಾ ಗಾದೆಗಳ ದೊಡ್ಡ ಸಂಗ್ರಹವೊಂದನ್ನು ಯುರೋಪಿನ ಸಮಾನ ಗಾದೆಗಳೊಂದಿಗೆ ಪ್ರಕಟಿಸಿದರು. ಶೇಕ್ಸ್‌ಪಿಯರನ ಅನುವಾದಕ್ಕೆ ಅದೇ ಅವರ ನಿಜವಾದ ತಯಾರಿಯಾಗಿತ್ತೆಂದು ನನಗೆ ತೋರುತ್ತದೆ. ಸಭೆಯಲ್ಲಿ ಹಿರಿಯನೊಬ್ಬ ವಾದಿಸುವಾಗ ಗಾದೆಯನ್ನು ಆಧಾರವಾಗಿ ಹಿಡಿಯುವ ಜನಕ್ಕೆ, ಜೂಲಿಯಸ್ ಸೀಸರ್ ನಾಟಕದ ಬ್ರೂಟಸ್ ಮತ್ತು ಆಂಟನಿಯರ ಭಾಷಣಗಳು ಹೊಸ ವಸ್ತುವಲ್ಲ. ಜೂಲಿಯಸ್ ಸೀಸರ್‌ನ ಅವರ ಅನುವಾದ ಅವರು ಬದುಕಿರುವಾಗ ಅಚ್ಚಾಗಲಿಲ್ಲ. 1932ರಲ್ಲಿ ಅವರು ತೀರಿಕೊಂಡ ಐದು ವರ್ಷಗಳ ಬಳಿಕ, ಸಂಪಾದಕರ ತಿದ್ದುಪಡಿಗಳೊಂದಿಗೆ ಹೊರಬಂತು.

ಅದೇ ನಾಟಕವನ್ನು ಸ್ವಾಹಿಲಿಗೆ ತಂದವರು ಒಂದು ದೇಶದ ಅಧ್ಯಕ್ಷರು. ಇಂದಿನ ಟಾಂಜಾನಿಯಾದ ಮುಖ್ಯ ಭೂಭಾಗವಾದ ಟಾಂಗನಿಕ 1961ರಲ್ಲಿ ಸ್ವತಂತ್ರವಾಯಿತು. ಎಡಿನ್‌ಬರೋದಲ್ಲಿ ಓದಿ ಬಂದಿದ್ದ ಜೂಲಿಯಸ್ ನ್ಯೆರೆರೆ ಅವರ ಅನುವಾದ 1963ರಲ್ಲಿ ಪ್ರಕಟವಾಗಿ, ಪರಿಷ್ಕೃತ ರೂಪದಲ್ಲಿ 1969ರಲ್ಲಿ ಮತ್ತೆ ಬಂತು. ನ್ಯೆರೆರೆ ಅವರ ಮನೆಮಾತು ಸ್ವಾಹಿಲಿಯಲ್ಲ, ಝನಾಕಿ. ಆಡಳಿತ, ಶಾಲೆ, ಸಂತೆಗಳಲ್ಲಿ ಎಲ್ಲರನ್ನೂ ಬೆಸೆಯಬೇಕಾಗಿದ್ದ ಸ್ವಾಹಿಲಿ, ದುರಂತ ನಾಟಕದ ಭಾರವನ್ನೂ ಹೊರಬಲ್ಲದೆಂದು ತೋರಿಸುವುದು ಅವರಿಗೆ ರಾಷ್ಟ್ರ ಕಟ್ಟುವ ಕೆಲಸದ ಭಾಗವೇ ಆಗಿತ್ತು. ಆದರೆ ಛಂದಸ್ಸಿನ ತೊಡಕು ಸಣ್ಣದಲ್ಲ. ಶೇಕ್ಸ್‌ಪಿಯರನ ಪ್ರಾಸರಹಿತ ಸಾಲು ಹತ್ತು ಅಕ್ಷರಗಳದು. ಒಂದು ಬಿಟ್ಟು ಒಂದರ ಮೇಲೆ ಒತ್ತು ಬಿದ್ದು, ಸಾಮಾನ್ಯವಾಗಿ ಒತ್ತಿನಲ್ಲೇ ಸಾಲು ಮುಗಿಯುತ್ತದೆ. ಸ್ವಾಹಿಲಿಯಲ್ಲಿ ಒತ್ತು ಬಹುತೇಕ ಯಾವಾಗಲೂ ಪದದ ಉಪಾಂತ್ಯ ಅಕ್ಷರದ ಮೇಲೆ ಬೀಳುವುದರಿಂದ ಇಂಗ್ಲಿಷ್ ಸಾಲಿನ ಕೊನೆಯ ಬಡಿತ ಅಲ್ಲಿ ಸಿಗುವುದಿಲ್ಲ. ಪ್ರತ್ಯಯಗಳು ಪದದೊಳಗೇ ಸೇರಿಕೊಳ್ಳುವುದರಿಂದ ಪದಗಳೂ ಉದ್ದ. ಮೇಲಾಗಿ ಕರಾವಳಿಯ ಸ್ವಾಹಿಲಿ ಕಾವ್ಯಪರಂಪರೆ ಅಕ್ಷರಗಳ ಎಣಿಕೆಯನ್ನೂ ಪ್ರಾಸವನ್ನೂ ಕಟ್ಟುನಿಟ್ಟಾಗಿ ಪಾಲಿಸುವಂಥದು. ಪ್ರಾಸವಿಲ್ಲದ ಪದ್ಯವನ್ನು ಅಲ್ಲಿನ ಕಿವಿ ಪದ್ಯವೆಂದು ಒಪ್ಪಬೇಕಾಗಿತ್ತು. ಪ್ರಾಸವನ್ನು ಕಳಚಿ ಸರಳ ರಗಳೆಯನ್ನು ಪಳಗಿಸಿಕೊಂಡ ನಮ್ಮ ನಾಟಕಕಾರರ ಶ್ರಮ ಬಲ್ಲ ಕನ್ನಡ ಓದುಗರಿಗೆ, ನ್ಯೆರೆರೆ ಪ್ರಾಸ ಬಿಟ್ಟು ಬರೆದದ್ದು ಎಂಥ ನಿರ್ಧಾರವಾಗಿತ್ತೆಂಬುದು ತಾನೇ ತಿಳಿಯುತ್ತದೆ.

ಸಿಯೆರಾ ಲಿಯೋನಿನ ಥಾಮಸ್ ಡೆಕರ್ 1964ರಲ್ಲಿ ಸೀಸರ್‌ನನ್ನು ಕ್ರಿಯೊ ಭಾಷೆಗೆ ತಂದಾಗ ಎದುರಾದ ತೊಡಕು ಇದಕ್ಕೆ ತದ್ವಿರುದ್ಧವಾದದ್ದು. ಗುಲಾಮಗಿರಿಯಿಂದ ಬಿಡುಗಡೆಗೊಂಡು ಆ ದೇಶದ ರಾಜಧಾನಿ ಫ್ರೀಟೌನಿನಲ್ಲಿ ನೆಲೆಸಿದವರ ನಡುವೆ ಬೆಳೆದ ಕ್ರಿಯೊ ಭಾಷೆಯ ಶಬ್ದಸಂಪತ್ತಿನ ಬಹುಭಾಗ ಇಂಗ್ಲಿಷ್ ಮೂಲದ್ದು. ಮೂಲಕ್ಕೆ ಇಷ್ಟು ಹತ್ತಿರವಿರುವುದೇ ಅಪಾಯ: ಅದನ್ನು ಮುರುಕು ಇಂಗ್ಲಿಷ್ ಎಂದು ಹೀಗಳೆಯುತ್ತಿದ್ದ ವಿದ್ಯಾವಂತರಿಗೆ ರೋಮಿನ ಮಂದಿ ಕ್ರಿಯೊ ಆಡುವುದು ಹಾಸ್ಯದಂತೆ ಕೇಳುವ ಭಯವಿತ್ತು. ಆದರೆ ಡೆಕರ್ ಬಹಳ ಹಿಂದಿನಿಂದಲೂ ಕ್ರಿಯೊ ತನ್ನದೇ ವ್ಯಾಕರಣವುಳ್ಳ ಸ್ವತಂತ್ರ ಭಾಷೆಯೆಂದು ವಾದಿಸುತ್ತ ಬಂದವರು. ನಗೆಗೆ ಅವಕಾಶ ತೀರ ಕಡಿಮೆಯಿರುವ ನಾಟಕವನ್ನು ಅವರು ಆರಿಸಿಕೊಂಡದ್ದರಲ್ಲಿ ಆ ವಾದದ ಬಲವಿದೆ. ಆಂಟನಿ ಶವದ ಮುಂದೆ ನಿಂತು ಜನಸಮೂಹವನ್ನು ಕೆರಳಿಸುವಾಗ, ಭಾಷಣಕಾರನೂ ಸಂತೆಯ ಜನರೂ ಒಂದೇ ಭಾಷೆಯನ್ನು ಆಡುವುದು ಫ್ರೀಟೌನಿನಲ್ಲಿ ಇಂಗ್ಲಿಷ್ ಪ್ರಯೋಗದಿಂದ ಸಾಧ್ಯವಾಗುವ ಮಾತಲ್ಲ.

ದುರಂತಗಳಲ್ಲಿ ಸೀಸರ್‌ಗೇ ಇಷ್ಟು ಬೇಡಿಕೆ ಏಕೆ? ಶಾಲೆಯ ಪಠ್ಯವಾಗಿದ್ದದ್ದು ಒಂದು ಕಾರಣ. ಕಾಲವೇ ಹಾಗಿದ್ದದ್ದು ಇನ್ನೊಂದು. ಟೋಗೊದ ಅಧ್ಯಕ್ಷ ಒಲಿಂಪಿಯೊ ಅವರ ಹತ್ಯೆಯಾದದ್ದು 1963ರ ಜನವರಿಯಲ್ಲಿ. ಮುಂದಿನ ಜನವರಿಯಲ್ಲಿ ನ್ಯೆರೆರೆ ಅವರ ಸೈನ್ಯವೇ ದಂಗೆಯೆದ್ದಿತು. 1966ರಲ್ಲಿ ಘಾನಾದ ಎನ್‌ಕ್ರುಮಾ ಪದಚ್ಯುತರಾದರು. ಹೊಸ ದೇಶದಲ್ಲಿ ನಾಯಕ ಎಷ್ಟು ದೊಡ್ಡವನಾಗಬಹುದು, ಅವನನ್ನು ಇಳಿಸಲು ಕತ್ತಿ ಹಿಡಿದವರು ದೇಶಭಕ್ತರೋ ದ್ರೋಹಿಗಳೋ ಎಂಬ ಪ್ರಶ್ನೆಗೆ ಆ ಪ್ರೇಕ್ಷಕರಿಗೆ ಅಡಿಟಿಪ್ಪಣಿ ಬೇಕಿರಲಿಲ್ಲ. ನಾಟಕ ಯಾರ ಪಕ್ಷವನ್ನೂ ಪೂರ್ತಿಯಾಗಿ ವಹಿಸುವುದಿಲ್ಲವಾದ್ದರಿಂದ ಅದನ್ನು ಅಧಿಕಾರಸ್ಥರೂ ಬಂದಿಗಳೂ ತಮ್ಮದೆನ್ನಬಹುದಾಗಿತ್ತು. ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಸೆರೆಮನೆಯಲ್ಲಿ ಭಾರತೀಯ ಮೂಲದ ರಾಜಕೀಯ ಕೈದಿ ಸೋನಿ ವೆಂಕಟರತ್ನಂ ಶೇಕ್ಸ್‌ಪಿಯರನ ಸಮಗ್ರ ಕೃತಿಗಳ ಸಂಪುಟಕ್ಕೆ ದೀಪಾವಳಿ ಶುಭಾಶಯ ಪತ್ರಗಳ ದೇವರ ಚಿತ್ರಗಳನ್ನು ಅಂಟಿಸಿ, ತಮ್ಮ ಧರ್ಮಗ್ರಂಥವೆಂದು ಹೇಳಿ ಉಳಿಸಿಕೊಂಡಿದ್ದರು; ಸಹಕೈದಿಗಳು ಒಬ್ಬೊಬ್ಬರೂ ತಮಗೆ ಪ್ರಿಯವಾದ ಸಾಲುಗಳ ಬದಿಯಲ್ಲಿ ಸಹಿ ಹಾಕಿದರು. ನೆಲ್ಸನ್ ಮಂಡೇಲಾ 1977ರ ಡಿಸೆಂಬರ್ 16ರಂದು ಸಹಿ ಹಾಕಿದ್ದು, ಹೇಡಿಗಳು ಸಾವಿಗೆ ಮುನ್ನವೇ ಹಲವು ಸಲ ಸಾಯುತ್ತಾರೆಂದು ಸೀಸರ್ ಹೇಳುವ ಜಾಗದಲ್ಲಿ.

ಅನುವಾದಕ ಭಾಷೆಯನ್ನು ಬದಲಿಸುತ್ತಾನೆ. ರೂಪಾಂತರಕಾರ ಊರನ್ನೂ ಕಾಲವನ್ನೂ ಬದಲಿಸುತ್ತಾನೆ. ಇದರಲ್ಲಿ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಕೈರೊದ ಒಂದು ಉದಾಹರಣೆ ಸಾಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಾನ್ಯೂಸ್ ಅಬ್ದುಹ್ ಸಿದ್ಧಪಡಿಸಿದ ಅರಬಿ ಹ್ಯಾಮ್ಲೆಟ್‌ನಲ್ಲಿ ರಾಜಕುಮಾರ ಸಾಯುವುದಿಲ್ಲ. ಚಿಕ್ಕಪ್ಪನನ್ನು ಕೊಂದು ಪಟ್ಟವೇರುತ್ತಾನೆ. ಮುಖ್ಯಪಾತ್ರದಲ್ಲಿದ್ದ ಪ್ರಸಿದ್ಧ ಗಾಯಕ ಸಲಾಮ ಹಿಜಾಝಿಯ ಹಾಡು ಕೇಳಲೆಂದೇ ಜನ ಬರುತ್ತಿದ್ದರು. ಕಂಪನಿ ನಾಟಕಗಳ ರಂಗಗೀತೆಗಳಿಗೆ ಒನ್ಸ್‌ಮೋರ್ ಕೂಗಿದ ನಮ್ಮ ಹಿರಿಯರಿಗೆ ಇದು ಅಪರಿಚಿತವೆನಿಸುತ್ತಿರಲಿಲ್ಲ. ನಾಯಕನನ್ನು ಉಳಿಸಿದ್ದರಿಂದ ನಾಟಕ ಓಡಿತು, ದುರಂತ ಹೋಯಿತು.

ಎಲ್ಲಕ್ಕಿಂತ ಹೆಚ್ಚು ಚರ್ಚೆಗೆ ಒಳಗಾದ ರೂಪಾಂತರವೆಂದರೆ ವೆಲ್ಕಮ್ ಮ್ಸೋಮಿ ಅವರ ಜುಲು ಮ್ಯಾಕ್‌ಬೆತ್, 'ಉಮಬಾಥಾ'. ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ, ನಟಾಲ್ ವಿಶ್ವವಿದ್ಯಾಲಯದ ಬಯಲು ರಂಗಮಂದಿರದಲ್ಲಿ 1970ರ ದಶಕದ ಆರಂಭದಲ್ಲಿ ಅದು ಮೊದಲು ರಂಗವೇರಿತು. ಮ್ಯಾಕ್‌ಬೆತ್ ಅಲ್ಲಿ ಮಬಾಥಾ, ಅವನ ಹೆಂಡತಿ ಕಾಮಡೊನ್ಸೆಲಾ, ರಾಜ ಡಂಕನ್ ಡಂಗಾನೆ, ಮ್ಯಾಕ್‌ಬೆತ್‌ನ ಸಹಸೇನಾನಿ ಬ್ಯಾಂಕೊ ಭಂಗಾನೆ. ಕಥೆ ನಡೆಯುವುದು ಹತ್ತೊಂಬತ್ತನೆಯ ಶತಮಾನದ ಆರಂಭದ ಜುಲು ರಾಜ್ಯದಲ್ಲಿ. ಈ ಆಯ್ಕೆ ಹೊರಗಿನ ಅಲಂಕಾರವಲ್ಲ. ಜುಲು ಸಾಮ್ರಾಜ್ಯವನ್ನು ಕಟ್ಟಿದ ಶಾಕಾನನ್ನು 1828ರ ಸೆಪ್ಟೆಂಬರಿನಲ್ಲಿ ಅವನ ಮಲತಮ್ಮಂದಿರಾದ ಡಿಂಗಾನೆ ಮತ್ತು ಮ್ಹ್ಲಂಗಾನ, ಅರಮನೆಯ ಆಪ್ತ ಸೇವಕನೊಬ್ಬನ ನೆರವಿನಿಂದ ಇರಿದು ಕೊಂದರು. ಬಳಿಕ ಡಿಂಗಾನೆ ತನ್ನ ಜೊತೆಗಾರರನ್ನೂ ಮುಗಿಸಿ 1840ರ ವರೆಗೆ ಆಳಿದ. ಆಪ್ತರ ಕೈಯಲ್ಲೇ ರಾಜನ ಕೊಲೆ, ಕೊಲೆಯ ಪಾಲುದಾರರ ಕೊಲೆ, ಭಯದ ಆಳ್ವಿಕೆ: ಮ್ಯಾಕ್‌ಬೆತ್‌ನ ಬೆನ್ನೆಲುಬು ಜುಲು ಜನರ ನೆನಪಿನಲ್ಲಿ ಮೊದಲೇ ಇತ್ತು.

ಇದು ಮೂಲಕ್ಕೆ ಮಾಡಿದ ಅಪಚಾರವೆನ್ನುವವರು ಮೂಲ ಹೇಗೆ ಹುಟ್ಟಿತೆಂಬುದನ್ನು ನೋಡಬೇಕು. ಮ್ಯಾಕ್‌ಬೆತ್ ಸ್ವತಃ ಸ್ಕಾಟ್ಲೆಂಡಿನ ಹಳೆಯ ರಾಜಕಥೆಯನ್ನು ಲಂಡನ್ನಿನ ಪ್ರೇಕ್ಷಕರಿಗಾಗಿ ಮಾಡಿಕೊಂಡ ರೂಪಾಂತರ. ಶೇಕ್ಸ್‌ಪಿಯರ್ ಆಧಾರವಾಗಿಟ್ಟುಕೊಂಡ ಹಾಲಿನ್‌ಶೆಡ್‌ನ ಚರಿತ್ರೆಯಲ್ಲಿ ಬ್ಯಾಂಕೊ ರಾಜನ ಕೊಲೆಯಲ್ಲಿ ಮ್ಯಾಕ್‌ಬೆತ್‌ಗೆ ಜೊತೆಗಾರ. ಆದರೆ ನಾಟಕ ಬರೆದ ಸುಮಾರು 1606ರ ಹೊತ್ತಿಗೆ ಸಿಂಹಾಸನದ ಮೇಲಿದ್ದ ಒಂದನೆಯ ಜೇಮ್ಸ್ ತನ್ನನ್ನು ಬ್ಯಾಂಕೊನ ವಂಶಸ್ಥನೆಂದು ತಿಳಿದಿದ್ದ, ಮಾಟಗಾತಿಯರ ಬಗ್ಗೆ 1597ರಲ್ಲಿ ಪುಸ್ತಕವನ್ನೇ ಬರೆದಿದ್ದ, 1605ರಲ್ಲಿ ಸಿಡಿಮದ್ದಿನ ಸಂಚಿನಿಂದ ಕೂದಲೆಳೆಯಲ್ಲಿ ಪಾರಾಗಿದ್ದ. ಬ್ಯಾಂಕೊ ನಿರ್ದೋಷಿಯಾದ, ಮಾಟಗಾತಿಯರು ಬೆಳೆದರು, ರಾಜಹತ್ಯೆ ಸೃಷ್ಟಿಯನ್ನೇ ಕದಡುವ ಪಾಪವಾಯಿತು. ಮ್ಸೋಮಿ ಶಾಕಾನ ನೆರಳನ್ನು ತಂದದ್ದು, ಶೇಕ್ಸ್‌ಪಿಯರ್ ಜೇಮ್ಸ್‌ನ ನೆರಳಿನಲ್ಲಿ ಮಾಡಿದ್ದಕ್ಕಿಂತ ಬೇರೆಯಲ್ಲ.

ಉಮಬಾಥಾದಲ್ಲಿ ಅತಿ ದೊಡ್ಡ ಪಲ್ಲಟ ನಡೆಯುವುದು ಮೊದಲ ದೃಶ್ಯಗಳಲ್ಲೇ. ಮೂವರು ಮಾಟಗಾತಿಯರ ಜಾಗದಲ್ಲಿ ಮೂವರು ಸಂಗೋಮರು ಬರುತ್ತಾರೆ. ಇಂಗ್ಲಿಷ್ ನಾಟಕದ ಮಾಟಗಾತಿಯರು ಸಮಾಜದಿಂದ ಹೊರಗೆ ಬಿದ್ದವರು, ಸೈತಾನನ ಕಡೆಯವರು. ಅವರ ಮಾತನ್ನು ನಂಬಿದ್ದೇ ಮ್ಯಾಕ್‌ಬೆತ್‌ನ ಮೊದಲ ಜಾರುವಿಕೆ. ಜುಲು ಸಮಾಜದಲ್ಲಿ ಸಂಗೋಮ ಎಂದರೆ ಪಿತೃಗಳ ಕರೆಯಿಂದ ದೀಕ್ಷೆ ಪಡೆದು, ರೋಗದ ಕಾರಣ ಹೇಳುವ, ಕೇಡನ್ನು ಬಯಲಿಗೆಳೆಯುವ ಗೌರವದ ವ್ಯಕ್ತಿ. ಕೇಡು ಮಾಡುವ ಮಾಟಗಾರನಿಗೆ ಅಲ್ಲಿ ಬೇರೆಯೇ ಹೆಸರು, ಬೇರೆಯೇ ಸ್ಥಾನ. ಹಾಗಾದರೆ ಮಬಾಥಾನಿಗೆ ರಾಜ್ಯ ಬರುವುದೆಂದು ಹೇಳುವ ಧ್ವನಿ ಪಿತೃಗಳದ್ದಾಗುತ್ತದೆ. ಅದನ್ನು ನಂಬಿದ್ದು ದೌರ್ಬಲ್ಯವಲ್ಲ, ಧರ್ಮ. ಅವನ ತಪ್ಪು, ಬರಬೇಕಾದದ್ದು ಬರುವವರೆಗೆ ಕಾಯದೆ ಅತಿಥಿಯಾಗಿ ಬಂದ ಒಡೆಯನ ಮೇಲೆ ಆಯುಧ ಎತ್ತಿದ್ದಕ್ಕೆ ಸರಿಯುತ್ತದೆ. ಕೆಲವು ವಿಮರ್ಶಕರು ಇದನ್ನು ಸಂಗೋಮರಿಗೆ ಮಾಡಿದ ಅನ್ಯಾಯವೆಂದು ಕಂಡಿದ್ದಾರೆ, ಏಕೆಂದರೆ ಕಥೆಯ ಓಟ ಅವರನ್ನು ಕೇಡಿನ ಪಕ್ಷಕ್ಕೇ ಎಳೆದೊಯ್ಯುತ್ತದೆ. ಆ ಆಕ್ಷೇಪದಲ್ಲಿ ಹುರುಳಿದೆ; ಆದರೂ ನಂಬಬೇಕಾದ ಬಾಯಿಂದ ಬಂದ ಮಾತೇ ಮನುಷ್ಯನನ್ನು ಹಾಳುಮಾಡುವುದು, ನಂಬಬಾರದ ಬಾಯಿಂದ ಬಂದ ಮಾತು ಹಾಳುಮಾಡುವುದಕ್ಕಿಂತ ಹೆಚ್ಚು ಘೋರವಾದ ದುರಂತವೆಂದು ನನಗೆ ಅನ್ನಿಸುತ್ತದೆ.

ಹೆಂಡತಿಯ ಪಾತ್ರಕ್ಕೂ ಇದೇ ಬಗೆಯ ಹೊಸ ತೂಕ ಬರುತ್ತದೆ. ಜುಲು ಮನೆತನಗಳಲ್ಲಿ ಹ್ಲೊನಿಫ ಎಂಬ ಮರ್ಯಾದೆಯ ಪದ್ಧತಿಯಿದೆ. ಮದುವೆಯಾಗಿ ಬಂದ ಹೆಣ್ಣು ಮಾವನ ಮತ್ತು ಗಂಡನ ಮನೆಯ ಹಿರಿಯರ ಹೆಸರುಗಳನ್ನಷ್ಟೇ ಅಲ್ಲ, ಆ ಹೆಸರುಗಳನ್ನು ಹೋಲುವ ಪದಗಳನ್ನೂ ಬಾಯಿಗೆ ತರದೆ ಬದಲಿ ಪದಗಳನ್ನು ಬಳಸುತ್ತಾಳೆ. ಅಂಥ ಮನೆಯ ಹೆಣ್ಣು ಗಂಡನನ್ನು ಹೇಡಿಯೆಂದು ಮೂದಲಿಸಿ ರಾಜಹತ್ಯೆಗೆ ಹಚ್ಚುವ ದೃಶ್ಯವನ್ನು ಜುಲು ಬಲ್ಲ ಪ್ರೇಕ್ಷಕರು ನೋಡುವಾಗ, ಒಂದೊಂದು ಮಾತೂ ಒಂದೊಂದು ಕಟ್ಟಳೆಯನ್ನು ಮುರಿಯುತ್ತಿರುವುದು ಕಾಣುತ್ತದೆ. ಇನ್ನೊಂದು ಕಡೆ ನಷ್ಟವೂ ಇದೆ. ಮ್ಸೋಮಿಯವರ ರಂಗಕೃತಿ ಚಿಕ್ಕದು; ಮ್ಯಾಕ್‌ಬೆತ್ ತನ್ನೊಳಗೇ ತಾನು ಕುಸಿಯುವುದನ್ನು ಕೇಳಿಸುವ ದೀರ್ಘ ಸ್ವಗತಗಳು ಇಲ್ಲಿ ಕುಗ್ಗಿವೆ. ಅವುಗಳ ಭಾರವನ್ನು ಬಿರುದಾವಳಿಯಂತಿರುವ ಇಝಿಬೊಂಗೊ ಪ್ರಶಸ್ತಿಗೀತೆಗಳು, ನಗಾರಿ, ನೂರಾರು ಕಾಲುಗಳು ಒಮ್ಮೆಲೇ ನೆಲಕ್ಕಪ್ಪಳಿಸುವ ಯೋಧರ ಕುಣಿತ ಹೊರುತ್ತವೆ. ಒಬ್ಬನ ಮನಸ್ಸಿನ ದುರಂತ ಇಡೀ ಪಡೆಯ ದುರಂತವಾಗುತ್ತದೆ. ಅದು ಗಳಿಕೆಯೋ ನಷ್ಟವೋ ಎಂಬುದು ನೋಡುವವನ ಪರಂಪರೆಯನ್ನು ಅವಲಂಬಿಸಿದೆ.

ನೋಡುವವನು ಯಾರು ಎಂಬ ಪ್ರಶ್ನೆಯೇ ಮುಂದೆ ಈ ಪ್ರಯೋಗವನ್ನು ಕಾಡಿತು. ಉಮಬಾಥಾ 1972ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ರಂಗಮಂದಿರದ ವಿಶ್ವ ರಂಗೋತ್ಸವಕ್ಕೆ ಹೋಗಿ ಭಾರಿ ಯಶಸ್ಸು ಕಂಡಿತು; 1997ರಲ್ಲಿ ಗ್ಲೋಬ್ ರಂಗಮಂದಿರದಲ್ಲಿಯೂ ಆಡಲ್ಪಟ್ಟಿತು. ಶಾಕಾನ ನೆನಪಾಗಲಿ ಹ್ಲೊನಿಫದ ಉಲ್ಲಂಘನೆಯಾಗಲಿ ತಲುಪದ ಆ ಪ್ರೇಕ್ಷಕರಿಗೆ ಉಳಿದದ್ದು ಗುರಾಣಿ, ಚರ್ಮದ ಉಡುಪು, ನಗಾರಿ. ಅತ್ತ ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರ ಕಪ್ಪು ಜನರನ್ನು ಬುಡಕಟ್ಟುಗಳಾಗಿ ಒಡೆದು, ಅವರ ಪೌರತ್ವವನ್ನು 'ತಾಯ್ನಾಡು'ಗಳಿಗೆ ಸೀಮಿತಗೊಳಿಸುವ ಕಾಯ್ದೆಯನ್ನು 1970ರಲ್ಲಷ್ಟೇ ತಂದಿತ್ತು. ಜುಲು ಎಂದರೆ ಈಟಿ ಹಿಡಿದು ಕುಣಿಯುವವನು ಎಂಬ ಚಿತ್ರ ಆ ಸರ್ಕಾರಕ್ಕೆ ಅನುಕೂಲವಾದದ್ದೇ ಆಗಿತ್ತೆಂಬ ಟೀಕೆಯನ್ನು ತಳ್ಳಿಹಾಕಲಾಗದು. ಡರ್ಬನ್ನಿನ ಬಂದರು, ಕಾರ್ಖಾನೆಗಳ ಜುಲು ಮನುಷ್ಯ ಈ ನಾಟಕದಲ್ಲಿ ಇಲ್ಲ. ಹಾಗೆಂದು ದೋಷವನ್ನೆಲ್ಲ ನಾಟಕಕಾರನ ತಲೆಗೆ ಕಟ್ಟುವುದೂ ಸಲ್ಲದು; ಅದೇ ಕೃತಿ ಭಾಷೆ ತಿಳಿದವರ ಮುಂದೆ ಒಂದು, ತಿಳಿಯದವರ ಮುಂದೆ ಇನ್ನೊಂದು.

ಇದಕ್ಕೆ ಎದುರಾಗಿ ನಿಲ್ಲುವುದು ಜೊಹಾನ್ಸ್‌ಬರ್ಗಿನ ಮಾರ್ಕೆಟ್ ಥಿಯೇಟರಿನಲ್ಲಿ 1987ರಲ್ಲಿ ನಡೆದ ಒಥೆಲೊ. ಅಲ್ಲೇ ಹುಟ್ಟಿ ಬ್ರಿಟನ್ನಿನಲ್ಲಿ ಹೆಸರಾದ ನಟಿ ಜಾನೆಟ್ ಸುಜ್ಮನ್ ಅದರ ನಿರ್ದೇಶಕಿ. ಒಥೆಲೊ ಆಗಿ ಜಾನ್ ಕಾನಿ, ಡೆಸ್ಡೆಮೋನಾ ಆಗಿ ಬಿಳಿಯ ನಟಿ ಜೊಯಾನಾ ವೈನ್‌ಬರ್ಗ್. ಊರು ಬದಲಾಗಲಿಲ್ಲ, ವೆನಿಸ್ ವೆನಿಸೇ ಆಗಿತ್ತು. ಭಾಷೆ ಶೇಕ್ಸ್‌ಪಿಯರನ ಇಂಗ್ಲಿಷೇ ಆಗಿತ್ತು. ಆದರೆ ಬಿಳಿಯರ ಮತ್ತು ಬಿಳಿಯರಲ್ಲದವರ ನಡುವಿನ ಮದುವೆಯನ್ನೂ ದೈಹಿಕ ಸಂಬಂಧವನ್ನೂ ಅಪರಾಧವಾಗಿಸಿದ್ದ ಕಾನೂನುಗಳು ರದ್ದಾಗಿದ್ದದ್ದು 1985ರಲ್ಲಷ್ಟೇ, ದೇಶ ತುರ್ತು ಪರಿಸ್ಥಿತಿಯಲ್ಲಿತ್ತು. ಕಪ್ಪು ಗಂಡ ಬಿಳಿ ಹೆಂಡತಿಯನ್ನು ರಂಗದ ಮೇಲೆ ಮುದ್ದಿಸಿದಾಗ ಕೆಲವರು ಎದ್ದು ಹೊರನಡೆದರು. ತನ್ನ ಮಾತು ಒರಟು ಎಂದು ಒಥೆಲೊ ಸಭೆಯ ಮುಂದೆ ಹೇಳಿಕೊಳ್ಳುವ ಸಾಲನ್ನು, ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತ ಷೋಸಾ ಭಾಷಿಕ ನಟನೊಬ್ಬ ಆಡಿದಾಗ ಅದಕ್ಕೆ ಬರುವ ಸತ್ಯ, ಮುಖಕ್ಕೆ ಮಸಿ ಬಳಿದ ಬಿಳಿಯ ನಟರಿಂದ ಬರುವಂಥದಲ್ಲ. ಏನನ್ನೂ ರೂಪಾಂತರಿಸದೆ, ಪಾತ್ರ ಹಂಚಿಕೆಯೊಂದರಿಂದಲೇ ನಾಟಕ ಆ ಊರಿನದಾಯಿತು. ಅದೇ ರಂಗಮಂದಿರದಲ್ಲಿ 1995ರಲ್ಲಿ ಗ್ರೆಗರಿ ಡೊರಾನ್ ನಿರ್ದೇಶಿಸಿ ಆಂಟನಿ ಶೆರ್ ನಟಿಸಿದ ಟೈಟಸ್ ಆಂಡ್ರೊನಿಕಸ್ ದಕ್ಷಿಣ ಆಫ್ರಿಕಾದ ನಾನಾ ಉಚ್ಚಾರಣೆಗಳಲ್ಲಿ ಇಂಗ್ಲಿಷನ್ನು ಆಡಿಸಿತು. ಶೇಕ್ಸ್‌ಪಿಯರ್ ಲಂಡನ್ನಿನ ಉಚ್ಚಾರಣೆಯಲ್ಲೇ ಇರಬೇಕೆಂಬ ಟೀಕೆ ಸ್ಥಳೀಯರಿಂದಲೇ ಬಂತು, ಖಾಲಿ ಕುರ್ಚಿಗಳ ಬಗ್ಗೆ ಶೆರ್ ಬಹಿರಂಗವಾಗಿ ನೊಂದುಕೊಂಡರು. ವಸಾಹತು ಶಾಲೆ ಕಿವಿಗೆ ಕಲಿಸಿದ್ದು ಅಷ್ಟು ಬೇಗ ಅಳಿಸುವುದಿಲ್ಲ.

ಲಂಡನ್ನಿನ ಗ್ಲೋಬ್ 2012ರಲ್ಲಿ ಶೇಕ್ಸ್‌ಪಿಯರನ ನಾಟಕಗಳನ್ನು ಜಗತ್ತಿನ ಭಾಷೆಗಳಲ್ಲಿ ಆಡಿಸಿದಾಗ, ಹಿಂದಿನ ವರ್ಷದ ಜುಲೈನಲ್ಲಷ್ಟೇ ಸ್ವತಂತ್ರವಾಗಿದ್ದ ದಕ್ಷಿಣ ಸುಡಾನಿನ ತಂಡ ಸಿಂಬೆಲಿನ್ ನಾಟಕವನ್ನು ಜೂಬಾ ಅರಬಿಯಲ್ಲಿ ತಂದಿತು. ಅನುವಾದ ಜೋಸೆಫ್ ಅಬುಕ್ ಅವರದು. ಸುಖಾಂತವಾದರೂ ಶೇಕ್ಸ್‌ಪಿಯರನ ನಾಟಕಗಳ 1623ರ ಮೊದಲ ಸಂಪುಟ ಅದನ್ನು ದುರಂತಗಳ ಸಾಲಿನಲ್ಲೇ ಇಟ್ಟಿದೆ. ಬಲಾಢ್ಯ ರೋಮಿಗೆ ಕಪ್ಪ ಕೊಡಲು ಒಪ್ಪದ ಬ್ರಿಟನ್ ಯುದ್ಧಕ್ಕೆ ನಿಲ್ಲುವ ಕಥೆಯದು. ಆದರೆ ಗೆದ್ದ ಮೇಲೂ ಸಿಂಬೆಲಿನ್ ಶಾಂತಿಗಾಗಿ ಕಪ್ಪ ಸಲ್ಲಿಸಲು ಒಪ್ಪುತ್ತಾನೆ. ಆ ವರ್ಷದ ಜನವರಿಯಲ್ಲೇ ದಕ್ಷಿಣ ಸುಡಾನ್, ತನ್ನ ತೈಲವನ್ನು ಸಮುದ್ರಕ್ಕೆ ಸಾಗಿಸಲು ಖಾರ್ಟೂಮಿನ ಸುಡಾನ್ ಸರ್ಕಾರ ಕೇಳಿದ ಶುಲ್ಕವನ್ನು ನಿರಾಕರಿಸಿ ತೈಲ ಉತ್ಪಾದನೆಯನ್ನೇ ನಿಲ್ಲಿಸಿತ್ತು, ಮತ್ತು ನಟರು ಲಂಡನ್ನಿನಲ್ಲಿ ಆ ಕೊನೆಯ ದೃಶ್ಯವನ್ನು ಆಡುವಾಗಲೂ ಆ ವಿವಾದ ಬಗೆಹರಿದಿರಲಿಲ್ಲ.